ಫ್ರಿಜ್ಜಿನ ನೀರು ಹೋಗುವ ದಾರಿ: ಮೂರು ಮಳೆಗಾಲಗಳ ನನ್ನ ಅನುಭವ

ಧಾರವಾಡದ ನಮ್ಮ ಮನೆಯಲ್ಲಿ ಎರಡು ಬಾಗಿಲಿನ ಫ್ರಾಸ್ಟ್‌ಫ್ರೀ (ಒಳಗೆ ಕಟ್ಟಿದ ಬರ್ಫವನ್ನು ತಾನೇ ಕರಗಿಸಿಕೊಳ್ಳುವ) ಫ್ರಿಜ್ಜಿನ ಕಾಯಿಪಲ್ಲೆ ಡಬ್ಬಿಯ ಕೆಳಗೆ ನೀರು ನಿಲ್ಲಲಾರಂಭಿಸಿದ್ದು ಮೂರು ಮಳೆಗಾಲಗಳ ಹಿಂದೆ. ಈ ವರ್ಷ ಅಲ್ಲಿ ಒಂದು ಹನಿಯೂ ನಿಂತಿಲ್ಲ. "ನಿಮ್ಮ ಕೈಲೆ ಆಗೂ ಕೆಲಸ ಅಲ್ರೀ ಇದು, ಹೊಸಾದು ತಗೊಂಬಿಡ್ರಿ" ಎಂದಿದ್ದ ಮೆಕ್ಯಾನಿಕರೇ ಕಳೆದ ತಿಂಗಳು ಬೇರೆ ಯಾರದೋ ಫ್ರಿಜ್ಜಿನ ಸಲುವಾಗಿ ನನಗೆ ಫೋನು ಮಾಡಿದ್ದರಿಂದ ಇದನ್ನು ಬರೆಯುವ ಧೈರ್ಯ ಬಂದಿದೆ.

ಮೊದಲು ಹಣದ ಲೆಕ್ಕ. ಒಬ್ಬರು ಬಾಗಿಲಿನ ರಬ್ಬರನ್ನು ಬದಲಿಸಿ ಸುಮಾರು 1,100 ರೂಪಾಯಿ ತೆಗೆದುಕೊಂಡರು. ಇನ್ನೊಬ್ಬರು ಬರ್ಫ ಕರಗಿಸುವ ಡಿಫ್ರಾಸ್ಟ್ ಹೀಟರ್ ಸುಟ್ಟಿದೆ ಎಂದು ಹೇಳಿ 1,800 ರೂಪಾಯಿಗೆ ಹೊಸದನ್ನು ಕೂಡಿಸಿದರು. ಹಳೆಯದನ್ನು ಕೇಳಿ ಇಟ್ಟುಕೊಂಡು ಮಲ್ಟಿಮೀಟರ್ ಹಚ್ಚಿ ನೋಡಿದಾಗ ಅದು ಸರಿಯಾಗಿಯೇ ಇತ್ತು. ಮೂರನೆಯವರು ಫ್ರಿಜ್ಜಿನ ಎಲೆಕ್ಟ್ರಾನಿಕ್ ಬೋರ್ಡಿಗೆ 4,000 ಎಂದಾಗ ನಾನೇ ಪ್ಲಗ್ ಕಿತ್ತು ಸ್ಕ್ರೂಡ್ರೈವರ್ ಹಿಡಿದೆ.

ನನ್ನ ಸೋಲುಗಳೂ ಕಡಿಮೆಯಲ್ಲ. ಫ್ರೀಜರಿನ ಹಿಂದಿನ ಹಲಗೆಯನ್ನು ಬಿಚ್ಚಿ, ತಂಪು ಮಾಡುವ ಕಾಯಿಲಿನ ಕೆಳಗೆ, ಕರಗಿದ ನೀರು ಪೈಪಿಗೆ ಇಳಿಯುವ ರಂಧ್ರದಲ್ಲಿ ಹೆಪ್ಪುಗಟ್ಟಿದ್ದ ಬರ್ಫವನ್ನು ಬಿಸಿನೀರಿನಿಂದ ಕರಗಿಸಿದೆ; ಹನ್ನೆರಡೋ ಹದಿಮೂರೋ ದಿನಕ್ಕೆ ಅದು ಮತ್ತೆ ಬಂದಿತು. ಸೈಕಲ್ ಪಂಪಿನಿಂದ ಮೇಲಿನಿಂದ ಗಾಳಿ ಊದಿದ್ದು ಇನ್ನೂ ದೊಡ್ಡ ತಪ್ಪು, ಏಕೆಂದರೆ ಪೈಪಿನಲ್ಲಿ ಅಲ್ಲಲ್ಲಿ ಅಂಟಿಕೊಂಡಿದ್ದ ಲೋಳೆಯೆಲ್ಲ ಕೆಳಕ್ಕೆ ಹೋಗಿ ಒಂದೇ ಕಡೆ ಗಟ್ಟಿಯಾಗಿ ಕೂತಿತು. ಉಪ್ಪನ್ನೂ ಹಾಕಿ ನೋಡಿದೆ. ಬರ್ಫವೇನೋ ಬೇಗ ಕರಗಿತು, ಆದರೆ ಉಪ್ಪುನೀರು ಅಲ್ಯೂಮಿನಿಯಂ ಕಾಯಿಲನ್ನು ತಿನ್ನುತ್ತದೆ ಎಂಬುದು ನೆನಪಾಗಿ ಹೆದರಿ ಅರ್ಧ ದಿನ ಸಿಹಿನೀರಿನಲ್ಲಿ ತೊಳೆಯಬೇಕಾಯಿತು.

ಗುಟ್ಟು ಇದ್ದದ್ದು ಹಿಂದೆ, ಕೆಳಗೆ. ಕಂಪ್ರೆಸರ್ ಮೇಲಿನ ಟ್ರೇಗೆ ನೀರು ಬೀಳುವಲ್ಲಿ, ನನ್ನ ಫ್ರಿಜ್ಜಿನ ಪೈಪಿನ ತುದಿಗೆ ಒಂದು ರಬ್ಬರಿನ ಬಾಯಿ ಇದೆ. ಅದರ ತುಟಿಗಳು ಕಂದು ಲೋಳೆ, ಧೂಳು ಮತ್ತು ಒಂದು ಜಿರಳೆಯ ಕಾಲಿನಿಂದ ಅಂಟಿ ಮುಚ್ಚಿಹೋಗಿದ್ದವು. ಹೊರಗೆ ಹೋಗಲಾರದ ನೀರು ಪೈಪಿನಲ್ಲಿ ಏರುತ್ತ ಏರುತ್ತ ಕಾಯಿಲಿನ ತಂಪು ತಗಲುವಷ್ಟು ಮೇಲೆ ಬಂದು ಹೆಪ್ಪುಗಟ್ಟುತ್ತಿತ್ತು. ಬರ್ಫ ಮೇಲೆ ಕಂಡಿತೆಂದು ನಾವೆಲ್ಲ ಮೇಲೆಯೇ ಬಡಿದಾಡಿದ್ದೆವು. ಸಿಟ್ಟಿನಲ್ಲಿ ಆ ಬಾಯಿಯನ್ನೇ ಕತ್ತರಿಸಿ ಎಸೆದೆ. ಮೂರನೆಯ ವಾರ ಇರುವೆಯ ಸಾಲು ಪೈಪು ಹತ್ತಿತು, ಹೊರಗಿನ ಹಸಿ ಗಾಳಿ ಒಳಹೋಗಿ ರಂಧ್ರದ ಸುತ್ತ ಹೊಸ ಬರ್ಫ ಕಟ್ಟಿತು. ಹುಬ್ಬಳ್ಳಿಯ ಒಂದು ಬಿಡಿಭಾಗದ ಅಂಗಡಿಯಲ್ಲಿ 60 ರೂಪಾಯಿಗೆ ಅಂಥದೇ ಬಾಯಿಯನ್ನು ತಂದು ಹಾಕಿದೆ.

ಈಗ ಎರಡು ತಿಂಗಳಿಗೊಮ್ಮೆ ರಬ್ಬರು ಬಾಯಿಯನ್ನು ಬಿಚ್ಚಿ ತೊಳೆದು, ಸೈಕಲ್ ಬ್ರೇಕಿನ ಒಳತಂತಿಯ ತುದಿಗೆ ಬೆಸುಗೆಯ ಗುಂಡು ಹಚ್ಚಿ ಅದನ್ನು ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಆಡಿಸುತ್ತೇನೆ. ಅದಾದ ಮೇಲೆಯೇ ಒಂದು ಚಮಚ ಅಡುಗೆ ಸೋಡಾ ಕಲಸಿದ ಬೆಚ್ಚನೆಯ ನೀರನ್ನು 50 ಮಿ.ಲೀ. ಸಿರಿಂಜಿನಿಂದ ಮೇಲಿನಿಂದ ಬಿಡುತ್ತೇನೆ. ಕುದಿಯುವ ನೀರನ್ನು ಹಾಕಿ ಪ್ಲಾಸ್ಟಿಕ್ ಸೊಟ್ಟಗಾದರೆ ನನ್ನನ್ನು ಬೈಯಬಾರದು.

ಇಷ್ಟರ ಮೇಲೆ ಹೀಟರಿಗೆ ಸುತ್ತಿದ ತಂತಿಯೊಂದನ್ನು ರಂಧ್ರದೊಳಗೆ ಎರಡು ಮೂರು ಇಂಚು ಇಳಿಬಿಟ್ಟಿದ್ದೇನೆ. ಡಿಫ್ರಾಸ್ಟ್ ಆದಾಗಲೆಲ್ಲ ಅದು ಬಿಸಿಯನ್ನು ಕೆಳಗೆ ಒಯ್ಯುತ್ತದೆ. ತಾಮ್ರದ ತಂತಿಯನ್ನು ಹಾಕಿದಾಗ ಅದು ಮುಟ್ಟಿದಲ್ಲಿ ಅಲ್ಯೂಮಿನಿಯಂ ಸವೆದದ್ದು ಕಂಡಿತು, ಆದ್ದರಿಂದ ಈಗ ಅಲ್ಯೂಮಿನಿಯಂ ತಂತಿಯೇ ಇದೆ. ಎಷ್ಟು ಸುತ್ತು, ಎಲ್ಲಿ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕಾಗಿ ನಾನು ನಾಲ್ಕು ಭಾನುವಾರ ಕಳೆದಿದ್ದೇನೆ.

ಚಟಕ್ಕೆ ಬಿದ್ದು ಟ್ರೇಯ ಜಾಗದಲ್ಲಿ ಡಬ್ಬಿ ಇಟ್ಟು ನೀರನ್ನು ಅಳೆದೆ: ಜುಲೈಯಲ್ಲಿ ದಿನಕ್ಕೆ ಸುಮಾರು 250 ಮಿ.ಲೀ., ಮಾರ್ಚಿಯಲ್ಲಿ ನೂರೂ ಇರಲಿಲ್ಲ. ಬೇಸಿಗೆಯಲ್ಲಿ ಬಂದ ಮೆಕ್ಯಾನಿಕರಿಗೆ ದೋಷ ಕಾಣದಿದ್ದುದು ಇದರಿಂದಲೇ ಇರಬೇಕು. ಮಳೆಗಾಲದಲ್ಲಿ ಟ್ರೇಯ ನೀರು ಪೂರ್ತಿ ಆರುವುದಿಲ್ಲ, ಅದರಲ್ಲಿ ಡೆಂಗಿಯ ಸೊಳ್ಳೆ ಮೊಟ್ಟೆ ಇಡುತ್ತದೆ. ಒಮ್ಮೆ ಮರಿಹುಳುಗಳನ್ನು ಕಣ್ಣಾರೆ ಕಂಡ ಮೇಲೆ, ನನ್ನ ಹೆಂಡತಿಯ ಅಪ್ಪಣೆಯಂತೆ, ಪ್ರತಿ ಭಾನುವಾರ ಟ್ರೇಯನ್ನು ತಿಕ್ಕಿ ತೊಳೆಯುವ ಕೆಲಸವೂ ನನ್ನದೇ ಆಗಿದೆ.