ಇಂಗ್ಲೆಂಡಿನ ಕಾಲುವೆ ದಂಡೆಯಲ್ಲಿ ಸೈಕಲ್: ಯಾವ ದಾರಿಯಲ್ಲಿ ಹೋಗಬಹುದು?

ಬ್ರಿಟನ್ನಿಗೆ ಬಂದು, ಅಗಲ ಟೈರಿನ ಗ್ರ್ಯಾವೆಲ್ ಸೈಕಲ್ ಕೊಂಡವರಿಗೆ ಬೇಗನೆ ಒಂದು ಗೊಂದಲ ಶುರುವಾಗುತ್ತದೆ. ಊರು ದಾಟಿದರೆ ಎಲ್ಲಿ ನೋಡಿದರೂ ದಾರಿಗಳು. ಹೊಲದ ನಡುವೆ, ನದಿಯ ಪಕ್ಕ, ಕಾಡಿನ ಒಳಗೆ. ಇವುಗಳಲ್ಲಿ ಯಾವುದರಲ್ಲಿ ಸೈಕಲ್ ಬಿಡಬಹುದು? ಮಂಡ್ಯದ ಕಡೆ ನಾಲೆ ಏರಿ ಮೇಲೆ ಸೈಕಲ್ ಹೊಡೆದು ಬೆಳೆದವರಿಗೆ ಈ ಪ್ರಶ್ನೆಯೇ ಹೊಸದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮಾತ್ರ ಇದನ್ನು ಮೊದಲೇ ಕೇಳಿಕೊಳ್ಳಬೇಕು. ದಾರಿ ಎಷ್ಟು ಚೆನ್ನಾಗಿದೆ ಎಂಬುದಕ್ಕೂ ಅಲ್ಲಿ ನಿಮಗೆ ಹಕ್ಕಿದೆಯೇ ಎಂಬುದಕ್ಕೂ ಸಂಬಂಧ ಇಲ್ಲ. ಗಟ್ಟಿ ಜಲ್ಲಿ ಹಾಕಿದ ದಾರಿ ನಡೆಯುವವರಿಗೆ ಮಾತ್ರ ಇರಬಹುದು. ಚಕ್ರ ಹೂತುಹೋಗುವ ಕೆಸರಿನ ದಾರಿಯಲ್ಲಿ ನಿಮಗೆ ಪೂರ್ತಿ ಹಕ್ಕಿರಬಹುದು.

ತೀರ್ಮಾನ ಮಾಡುವುದು ದಾರಿಯ ಬಗೆ. ಅದನ್ನು ಗುರುತಿಸುವುದು ಸುಲಭ. ಗೇಟಿನ ಕಂಬದ ಮೇಲೆ ಬಾಣದ ಗುರುತಿರುವ ಸಣ್ಣ ಬಿಲ್ಲೆ ಹೊಡೆದಿರುತ್ತಾರೆ. ಬಾಣದ ಬಣ್ಣ ನೋಡಿ. ಹಳದಿ ಇದ್ದರೆ ಪಬ್ಲಿಕ್ ಫುಟ್‌ಪಾತ್, ಸೈಕಲ್ಲಿಗೆ ಹಕ್ಕಿಲ್ಲ. ನೀಲಿ ಇದ್ದರೆ ಬ್ರೈಡಲ್‌ವೇ. ಇದು ನಡೆಯುವವರಿಗೆ ಮತ್ತು ಕುದುರೆ ಸವಾರರಿಗೆ ಇದ್ದ ದಾರಿ. 1968ರ ಕಂಟ್ರಿಸೈಡ್ ಕಾಯ್ದೆ ಬಂದ ಮೇಲೆ ಸೈಕಲ್ಲಿಗೂ ಹಕ್ಕು ಸಿಕ್ಕಿತು. ಆದರೆ ಅದೇ ಕಾಯ್ದೆ ಒಂದು ಷರತ್ತು ಹಾಕಿದೆ: ನಡೆಯುವವರಿಗೂ ಕುದುರೆಗೂ ಸೈಕಲ್ಲಿನವರು ದಾರಿ ಬಿಡಬೇಕು. ನೇರಳೆ ಬಾಣ ಅಂದರೆ ರೆಸ್ಟ್ರಿಕ್ಟೆಡ್ ಬೈವೇ. ಅಲ್ಲೂ ಸೈಕಲ್ ಬಿಡಬಹುದು, ಮೋಟಾರು ಗಾಡಿ ಬರುವಂತಿಲ್ಲ. ಕೆಂಪು ಬಾಣದ ಬೈವೇನಲ್ಲಿ ಮೋಟಾರು ಗಾಡಿಗೂ ಅವಕಾಶ ಇದೆ, ಹಾಗಾಗಿ ಆಳವಾದ ಗಾಲಿ ಜಾಡುಗಳು ಇದ್ದೇ ಇರುತ್ತವೆ ಅಂದುಕೊಳ್ಳಿ.

ಹೊರಡುವ ಮೊದಲೇ ನೋಡಿಕೊಳ್ಳಬೇಕು ಅಂದರೆ ಬ್ರಿಟನ್ನಿನ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ನಕ್ಷೆ ತೆಗೆಯಿರಿ. ಅದರಲ್ಲಿ ಹಸಿರು ಗಿಡ್ಡ ಗೆರೆಗಳ ಸಾಲು ಫುಟ್‌ಪಾತ್, ಹಸಿರು ಉದ್ದ ಗೆರೆಗಳ ಸಾಲು ಬ್ರೈಡಲ್‌ವೇ. ಬೇರೆಯವರು ಸೈಕಲ್ ಹೊಡೆದ ಜಾಡು ತೋರಿಸುವ ಆ್ಯಪ್‌ಗಳನ್ನು ಮಾತ್ರ ನಂಬಿ ಹೋಗಬೇಡಿ. ಒಂದು ದಾರಿಯಲ್ಲಿ ನೂರು ಜನ ಹೋಗಿದ್ದಾರೆ ಅಂದ ಮಾತ್ರಕ್ಕೆ ಅಲ್ಲಿ ಹಕ್ಕಿದೆ ಅಂತ ಅಲ್ಲ.

ಹೆಸರುವಾಸಿ ದಾರಿಗಳಲ್ಲೇ ಜನ ಜಾಸ್ತಿ ತಪ್ಪುತ್ತಾರೆ. ಲಂಡನ್ನಿನ ಲ್ಯಾಂಬೆತ್‌ನಲ್ಲಿ ಬಸವಣ್ಣನ ಪ್ರತಿಮೆ ನೋಡಲು ಹೋದವರು ಅದರ ಹತ್ತಿರವೇ ಹರಿಯುವ ಥೇಮ್ಸ್ ನದಿಯನ್ನೂ ದಂಡೆಯ ಥೇಮ್ಸ್ ಪಾತ್ ಅನ್ನೂ ನೋಡಿರುತ್ತೀರಿ. ಇದೇ ದಾರಿ ಹಿಡಿದು ನದಿಯ ಮೂಲದವರೆಗೂ ಸೈಕಲ್ಲಿನಲ್ಲಿ ಹೋಗಬಹುದು ಅನ್ನಿಸುತ್ತದೆ. ಆದರೆ ಆ ದಾರಿಯ ಬಹುಪಾಲು ನಡೆಯುವವರಿಗೆ ಮಾತ್ರ. ಗೋರಿಂಗ್ ಬಳಿ ಅದೇ ಥೇಮ್ಸ್ ಕಣಿವೆಗೆ ಇಳಿದು ದಾಟುವ ರಿಡ್ಜ್‌ವೇ ಎಂಬ ಉದ್ದದ ದಾರಿ ಇನ್ನೊಂದು ಉದಾಹರಣೆ. ಅದರ ಉದ್ದ 87 ಮೈಲಿ. ನದಿಯಿಂದ ಪಶ್ಚಿಮಕ್ಕಿರುವ ಭಾಗ ಬ್ರೈಡಲ್‌ವೇ ಮತ್ತು ಬೈವೇಗಳದ್ದು, ಗ್ರ್ಯಾವೆಲ್ ಸೈಕಲ್ಲಿಗೆ ಹೇಳಿ ಮಾಡಿಸಿದ ಹಾಗಿದೆ. ಪೂರ್ವದ ಭಾಗದಲ್ಲಿ ಫುಟ್‌ಪಾತ್‌ಗಳೇ ಹೆಚ್ಚು. ಮಳೆ ಬಿದ್ದರೆ ಅಲ್ಲಿನ ಸುಣ್ಣದ ಮಣ್ಣು ಸೋಪಿನಂತೆ ಜಾರುತ್ತದೆ.

ಇನ್ನು ಕಾಲುವೆಗಳು. ಇವುಗಳ ಲೆಕ್ಕವೇ ಬೇರೆ. ರೈಲು ಬರುವ ಮೊದಲು ಕಲ್ಲಿದ್ದಲು, ಸರಕು ಸಾಗಿಸಲು ಖಾಸಗಿ ಕಂಪನಿಗಳು ಕಾಲುವೆ ತೋಡಿಸಿದವು. ದಂಡೆಯ ಮೇಲಿನ ಟೋಪಾತ್ ಇದ್ದದ್ದು ದೋಣಿ ಎಳೆಯುವ ಕುದುರೆಗೆ. ಊರಿನ ಜನ ಓಡಾಡಲಿ ಅಂತ ಮಾಡಿದ್ದಲ್ಲ. ಹಾಗಾಗಿ ಎಷ್ಟೋ ಟೋಪಾತ್‌ಗಳಲ್ಲಿ ಸೈಕಲ್ಲಿಗೆ ಕಾನೂನಿನ ಹಕ್ಕಿಲ್ಲ, ಇರುವುದು ಮಾಲೀಕರು ಕೊಟ್ಟ ಅನುಮತಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 2,000 ಮೈಲಿ ಜಲಮಾರ್ಗ ನೋಡಿಕೊಳ್ಳುತ್ತಿರುವುದು ಕೆನಾಲ್ ಅಂಡ್ ರಿವರ್ ಟ್ರಸ್ಟ್. ಸರ್ಕಾರಿ ಸಂಸ್ಥೆಯ ಕೈಯಿಂದ 2012ರಲ್ಲಿ ಈ ಹೊಣೆ ಟ್ರಸ್ಟ್‌ಗೆ ಬಂತು. ಮೊದಲು ಸೈಕಲ್ಲಿಗೆ ಪರ್ಮಿಟ್ ಬೇಕಿತ್ತು, ಈಗ ಬೇಡ. ಆದರೆ ಎಲ್ಲ ಟೋಪಾತ್‌ಗಳೂ ಸೈಕಲ್ಲಿಗೆ ತೆರೆದಿಲ್ಲ. ಬೋರ್ಡ್ ನೋಡಿ. ದುರಸ್ತಿಗೆ ದಾರಿ ಮುಚ್ಚಿದ್ದರೆ ಟ್ರಸ್ಟ್‌ನ ವೆಬ್‌ಸೈಟಿನಲ್ಲಿ ಹಾಕಿರುತ್ತಾರೆ, ಹೊರಡುವ ಮೊದಲು ಅದನ್ನೂ ನೋಡಿಕೊಳ್ಳಿ.

ಟೋಪಾತ್‌ನಲ್ಲಿ ಮೊದಲ ಆದ್ಯತೆ ನಡೆಯುವವರದ್ದು. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಆ ದಂಡೆ ತುಂಬಾ ಜನರ ಮನೆಬಾಗಿಲು. ನ್ಯಾರೋಬೋಟ್ ಎಂಬ ಕಿರಿದಾದ ಉದ್ದದ ಕಾಲುವೆ ದೋಣಿಗಳಲ್ಲಿ ವರ್ಷಪೂರ್ತಿ ಸಂಸಾರ ಮಾಡುವವರಿದ್ದಾರೆ. ದೋಣಿಯಿಂದ ಇಳಿದರೆ ಅವರ ಕಾಲು ನೇರ ಟೋಪಾತ್ ಮೇಲೆ. ದೋಣಿ ಕಟ್ಟಿದ ಗೂಟ, ಹಗ್ಗ ಅಂಚಿನಲ್ಲೇ ಇರುತ್ತವೆ. ಅಲ್ಲಿ ನಡಿಗೆಯ ವೇಗಕ್ಕೆ ಇಳಿಯಿರಿ. ಮೀನು ಹಿಡಿಯುವವರ ಉದ್ದದ ಗಳು ದಾರಿಗೆ ಅಡ್ಡ ಮಲಗಿರುತ್ತದೆ. ನಿಂತು ಕೇಳಿದರೆ ಎತ್ತುತ್ತಾರೆ, ಅದರ ಮೇಲೆ ಹತ್ತಿಸಬೇಡಿ. ಸೇತುವೆಯ ಕಮಾನಿನ ಕೆಳಗೆ ದಾರಿ ಕಿರಿದು, ತಿರುವಿನಾಚೆ ಯಾರಿದ್ದಾರೆ ಅಂತ ಕಾಣುವುದಿಲ್ಲ. ಎರಡು ಸಲ ಬೆಲ್ ಹೊಡೆಯಿರಿ, ಇಕ್ಕಟ್ಟಾಗಿದ್ದರೆ ಇಳಿದು ತಳ್ಳಿ.

ಶುರು ಮಾಡಲು ಒಂದು ದಾರಿ ಹೇಳಿ ಅಂದರೆ ನಾನು ಹೇಳುವುದು ಕೆನೆಟ್ ಅಂಡ್ ಏವನ್ ಕಾಲುವೆ. ರೆಡಿಂಗ್‌ನಿಂದ ಬ್ರಿಸ್ಟಲ್‌ವರೆಗೆ 87 ಮೈಲಿ, ಅಂದರೆ ಸುಮಾರು 140 ಕಿಲೋಮೀಟರ್. ಜಾನ್ ರೆನ್ನಿ ಎಂಬ ಎಂಜಿನಿಯರ್ ಕಟ್ಟಿಸಿದ್ದು, 1810ರಲ್ಲಿ ಪೂರ್ತಿಯಾಯಿತು. ಆಮೇಲೆ ಹಾಳುಬಿದ್ದು, ಊರಿನ ಸ್ವಯಂಸೇವಕರ ದೀರ್ಘ ಕಾಲದ ದುಡಿಮೆಯಿಂದ ಮತ್ತೆ ಜೀವ ಪಡೆದು 1990ರಲ್ಲಿ ತೆರೆಯಿತು. ನ್ಯಾಷನಲ್ ಸೈಕಲ್ ನೆಟ್‌ವರ್ಕ್‌ನ 4ನೇ ಮಾರ್ಗ ಹಲವು ಕಡೆ ಇದರ ದಂಡೆ ಹಿಡಿಯುತ್ತದೆ, ಕೆಲವು ಕಡೆ ಬಿಟ್ಟು ಹಳ್ಳಿ ರಸ್ತೆಗೆ ಹೋಗುತ್ತದೆ. ಡಿವೈಜಸ್ ಬಳಿಯ ಕೇನ್ ಹಿಲ್‌ನಲ್ಲಿ 29 ಲಾಕ್‌ಗಳಿವೆ (ನೀರು ತುಂಬಿಸಿ, ಖಾಲಿ ಮಾಡಿ ದೋಣಿಯನ್ನು ಏರಿಸಿ ಇಳಿಸುವ ಗೇಟುಗಳಿರುವ ಕಟ್ಟೆಗಳು), ಅವುಗಳಲ್ಲಿ 16 ಒಂದರ ಮೇಲೊಂದರಂತೆ ನೇರ ಸಾಲಾಗಿ ಗುಡ್ಡ ಹತ್ತುತ್ತವೆ. ದೋಣಿಗೆ ಇಡೀ ದಿನದ ಕೆಲಸ. ಸೈಕಲ್ಲಿನವರು ಮೇಲಿನಿಂದ ಶುರು ಮಾಡಿದರೆ ಸುಮ್ನೆ ಇಳಿಜಾರು.

ಮೊದಲ ಸಲಕ್ಕೆ ಬ್ರ್ಯಾಡ್‌ಫರ್ಡ್ ಆನ್ ಏವನ್‌ನಿಂದ ಬಾತ್‌ವರೆಗೆ ಹೋಗಿ. ಸುಮಾರು 16 ಕಿಲೋಮೀಟರ್, ಏರಿಳಿತವೇ ಇಲ್ಲ ಎನ್ನಬಹುದು. ಕೆಳಗೆ ಕಣಿವೆಯಲ್ಲಿ ಏವನ್ ನದಿ, ಅದರ ಮೇಲೆ ಎರಡು ಕಡೆ ಕಲ್ಲಿನ ಮೇಲ್ಗಾಲುವೆ. ಏವನ್‌ಕ್ಲಿಫ್ ಒಂದು, ಡಂಡಾಸ್ ಇನ್ನೊಂದು. ನದಿಯ ಮೇಲೆ ಕಾಲುವೆ, ಅದರ ಪಕ್ಕ ನೀವು. ಡಂಡಾಸ್‌ನಲ್ಲಿ ಇಳಿದು, ಕಮಾನುಗಳನ್ನು ಕೆಳಗಿನಿಂದ ನೋಡದೆ ಮುಂದೆ ಹೋಗಬೇಡಿ. ಇದೇ ಕಣಿವೆಯಲ್ಲಿ ರೈಲು ಹಳಿಯೂ ಇದೆ. ಸುಸ್ತಾದರೆ ಏವನ್‌ಕ್ಲಿಫ್ ಅಥವಾ ಫ್ರೆಶ್‌ಫರ್ಡ್‌ನಲ್ಲಿ ರೈಲು ಹತ್ತಬಹುದು. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಇದು ದೊಡ್ಡ ಧೈರ್ಯ. ರೈಲಿನಲ್ಲಿ ಸೈಕಲ್ಲಿಗೆ ಬೇರೆ ಟಿಕೆಟ್ ಬೇಕಿಲ್ಲ, ಆದರೆ ಜಾಗ ಕಡಿಮೆ. ದೂರದ ರೈಲಾದರೆ ಮೊದಲೇ ಜಾಗ ಕಾದಿರಿಸಿ.

ಟೈರ್ 40 ಮಿಲಿಮೀಟರ್ ಆಸುಪಾಸು ಇದ್ದರೆ ಸಾಕು. ಸೆಪ್ಟೆಂಬರ್‌ನಿಂದ ಮಾತ್ರ ಎಚ್ಚರ. ಹಕ್ಕಿಗಳು ಗೂಡು ಕಟ್ಟುವ ಕಾಲ ಅಂತ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಹೊಲದ ಬೇಲಿ ಕತ್ತರಿಸಲು ಇಂಗ್ಲೆಂಡಿನಲ್ಲಿ ನಿರ್ಬಂಧ ಇದೆ. ಅದು ಮುಗಿದ ಕೂಡಲೇ ಯಂತ್ರಗಳು ಇಳಿಯುತ್ತವೆ, ಬೇಲಿಯ ಹಾಥಾರ್ನ್ ಗಿಡದ ಮುಳ್ಳು ದಾರಿ ತುಂಬ ಹರಡುತ್ತದೆ. ಬಿಡಿ ಟ್ಯೂಬ್, ಪಂಪ್ ಇಲ್ಲದೆ ಹೊರಡಬೇಡಿ.

ಗೇಟು ಹೇಗಿತ್ತೋ ಹಾಗೇ ಬಿಡಿ: ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದೇ ಇರಲಿ. ಕರು ಜೊತೆಗಿರುವ ಹಸುಗಳು ಕಂಡರೆ ನಡುವೆ ನುಗ್ಗಬೇಡಿ, ದೂರದಿಂದ ಸುತ್ತಿಕೊಂಡು ಹೋಗಿ. ಕುದುರೆಯ ಹಿಂದೆ ಬಂದಾಗ ದೂರದಿಂದಲೇ ಹಲೋ ಅನ್ನಿ. ಮನುಷ್ಯರ ದನಿ ಕೇಳಿದರೆ ಅದು ಬೆದರುವುದು ಕಡಿಮೆ.

ಸ್ಕಾಟ್ಲೆಂಡಿಗೆ ಹೋದರೆ ಈ ಬಣ್ಣದ ಬಾಣಗಳ ಲೆಕ್ಕ ಬಿಡಿ. 2003ರ ಭೂಸುಧಾರಣಾ ಕಾಯ್ದೆ ಅಲ್ಲಿ ಹೊಣೆಯರಿತು ಓಡಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ, ಸೈಕಲ್ಲಿಗೂ ಸೇರಿಸಿ. ಮನೆಯಂಗಳ, ಬೆಳೆ ನಿಂತ ಹೊಲ ಇಂಥವು ಬಿಟ್ಟು ಹೆಚ್ಚಿನ ಕಡೆ ಹೋಗಬಹುದು.

ಇಂಗ್ಲೆಂಡಿನಲ್ಲಿ ಬ್ರೈಡಲ್‌ವೇ ಮೇಲೆ ಯಾರಾದರೂ ಬೇಲಿ ಹಾಕಿದ್ದರೆ, ಗೇಟಿಗೆ ಬೀಗ ಜಡಿದಿದ್ದರೆ ಆ ಜಾಗದ ಕೌನ್ಸಿಲ್‌ಗೆ ತಿಳಿಸಿ. ಯಾವ ದಾರಿ ಯಾವ ಬಗೆಯದು ಎಂಬ ಅಧಿಕೃತ ನಕ್ಷೆ ಇರುವುದು ಅವರ ಹತ್ತಿರ. ನಾವು ವೀಸಾ ಮೇಲೆ ಬಂದವರು, ನಮಗೇಕೆ ಅಂತ ಹಿಂಜರಿಯಬೇಡಿ. ಆ ದಾರಿಯ ಹಕ್ಕು ಯಾವ ಪಾಸ್‌ಪೋರ್ಟನ್ನೂ ಕೇಳುವುದಿಲ್ಲ. ಒಂದು ಫೋಟೋ, ಜಾಗದ ಗ್ರಿಡ್ ಸಂಖ್ಯೆ, ಹೋಗಿದ್ದ ದಿನ ಬರೆದು ಕೌನ್ಸಿಲ್ ವೆಬ್‌ಸೈಟಿನ ರೈಟ್ಸ್ ಆಫ್ ವೇ ಪುಟದಲ್ಲಿ ಕಳಿಸಿದರೆ ಸಾಕು.