ಶಾಲೆ ಕಾಂಪೌಂಡ್ ಒಡೆದು ಗಣಪತಿ ಆರ್ಕೆಸ್ಟ್ರಾ ಮಾಡಿದೆವು

"ಗಣಪತಿ ಕೂರಿಸೋಕೆ ಶಾಲೆ ಗೋಡೆ ಒಡೀತಾನಂತೆ" ಅಂತ ಊರೆಲ್ಲ ನಕ್ಕಿತ್ತು. ನಮ್ಮ ಸಂಘದ ಖಜಾಂಚಿಯವರಂತೂ ಎರಡು ಮೀಟಿಂಗಿಗೆ ಬರಲೇ ಇಲ್ಲ. ಈಗ ಪಕ್ಕದೂರಿನ ಸಂಘದವರು ಬಂದು ಗೇಟಿನ ಅಳತೆ ಬರೆದುಕೊಂಡು ಹೋಗುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಪೆಂಡಾಲ್ ಹಾಕಿಸಿ, ಠಾಣೆಗೆ ಅಲೆದು ಗೊತ್ತಿರುವವರಿಗೆ ಮಾತ್ರ ಇದು ಉಪಯೋಗ.

ಮೊದಲು 2023ರ ಕಥೆ ಹೇಳಬೇಕು. ಹೈಸ್ಕೂಲ್ ಮೈದಾನ, ಸುತ್ತ ಕಾಂಪೌಂಡ್, ಇರುವುದು ಒಂದೇ ಗೇಟು, 12 ಅಡಿ. ಗೇಟಿನ ಪಕ್ಕದಲ್ಲೇ ಪ್ರಸಾದದ ಕೌಂಟರ್. ಅದರ ಮಗ್ಗುಲಲ್ಲಿ ನೀರಿನ ಡ್ರಮ್ಮು. ಲಕ್ಕಿ ಡಿಪ್ ಡ್ರಾ ಕೊನೆಗೆ ಇಟ್ಟಿದ್ದೆವು, ಜನ ಎದ್ದು ಹೋಗಬಾರದು ಅಂತ. ಯಾರೂ ಎದ್ದು ಹೋಗಲೂ ಇಲ್ಲ. ಡ್ರಾ ಮುಗಿದದ್ದೇ ಎಲ್ಲರೂ ಒಟ್ಟಿಗೆ ಎದ್ದರು. ಅದೇ ಹೊತ್ತಿಗೆ ಹೊರಗಿನವರು ಪ್ರಸಾದಕ್ಕೆ ಅಂತ ಒಳಗೆ ನುಗ್ಗಿದರು. ನೀರು ಚೆಲ್ಲಿ ಗೇಟಿನ ಬಾಯಲ್ಲಿ ಕೆಸರು ಬೇರೆ. ನಾವು ಕಟ್ಟಿದ್ದ ಗಳ ಲಟಕ್ ಅಂತ ಮುರಿದ ಸದ್ದು ಈಗಲೂ ಕಿವಿಯಲ್ಲಿದೆ. ಒಬ್ಬ ಅಜ್ಜಿಯ ಮಣಿಕಟ್ಟು ಮುರಿಯಿತು. ಆಸ್ಪತ್ರೆ ಖರ್ಚು ಸುಮಾರು 11,000 ಸಂಘದಿಂದಲೇ ಕೊಟ್ಟೆವು. ಬೆಳಿಗ್ಗೆ ಎರಡು ಗೋಣಿಚೀಲ ಚಪ್ಪಲಿ ಸಿಕ್ಕವು. ಜಾಸ್ತಿ ಏನೂ ಆಗಲಿಲ್ಲ ಅಂದರೆ ಅದು ಗಣಪತಿಯ ದಯೆ, ನಮ್ಮ ಜಾಣತನ ಅಲ್ಲ.

2024ರಲ್ಲಿ ಹುಷಾರಾಗೋಣ ಅಂತ ಬ್ಯಾರಿಕೇಡ್ ಜಾಸ್ತಿ ತರಿಸಿದೆ. ಅದೇ ತಪ್ಪಾಯ್ತು. ಇರುವ ದಾರಿಯೂ ಕಿರಿದಾಯಿತು. ಕುರ್ಚಿ ಎಳೆದಾಡಬಾರದು ಅಂತ ಆರಾರು ಕುರ್ಚಿ ಸೇರಿಸಿ ಸುತಳಿ ದಾರದಿಂದ ಕಟ್ಟಿಸಿದೆ, ಹುಡುಗರು ಬ್ಲೇಡ್ ತಂದು ಕತ್ತರಿಸಿದರು. ಅನುಮತಿಯೂ ಕೊನೇ ಗಳಿಗೆಯಲ್ಲಿ ಸಿಕ್ಕಿತು. ಒಂದು ಕಚೇರಿಯಲ್ಲಿ ನಮ್ಮ ಅರ್ಜಿಯೇ ಕಳೆದುಹೋಗಿತ್ತು, ಸ್ವೀಕೃತಿ ಬರೆಸಿಕೊಂಡಿರಲಿಲ್ಲ. ಹೊಸದಾಗಿ ಬರೆದುಕೊಟ್ಟೆ. ಹಾಡುಗಾರರಿಗೆ ಕೊಟ್ಟ ಮುಂಗಡ 40,000 ಹೋಗೇ ಹೋಯ್ತು ಅಂದುಕೊಂಡಿದ್ದೆ.

ಆಮೇಲೆ 2025ರ ಜೂನ್ 4. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಟಿವಿ ನೋಡುತ್ತಾ ನನಗೆ ಹೊಳೆದದ್ದು ಒಂದೇ. ಅವರು ಸತ್ತಿದ್ದು ಗೇಟುಗಳ ಹತ್ತಿರ. ನಮ್ಮ ಅಜ್ಜಿ ಬಿದ್ದದ್ದೂ ಗೇಟಿನಲ್ಲೇ. ಆಮೇಲೆ ಜನಸಂದಣಿ ನಿಯಂತ್ರಣಕ್ಕೆ ಅಂತ ಸರ್ಕಾರ ವಿಧೇಯಕವನ್ನೇ ತಂದಿತು. ನಮ್ಮ ಠಾಣೆಯಲ್ಲೂ ಕೇಳುವ ಕಾಗದ ಹೆಚ್ಚಾಯಿತು.

ನಾನು ಮಾಡಿದ ಮೊದಲ ಕೆಲಸ ಮೊಬೈಲ್ ಹಿಡಿದು ಶಾಲೆ ಬಿಡುವ ಹೊತ್ತಿಗೆ ಗೇಟಿನ ಎದುರು ನಿಂತದ್ದು. ಮೂರು ದಿನ ವಿಡಿಯೊ ಮಾಡಿ ಎಣಿಸಿದೆ. 12 ಅಡಿಯಲ್ಲಿ ನಿಮಿಷಕ್ಕೆ ಸುಮಾರು 200 ಮಕ್ಕಳು ಹೊರಗೆ ಬರುತ್ತಾರೆ. ಎದುರಿಂದ ನಾಲ್ಕು ಜನ ಒಳಗೆ ಬಂದರೂ ಅದು ಅರ್ಧಕ್ಕೆ ಇಳಿಯುತ್ತದೆ. ಮೂರು ಸಾವಿರ ಜನ ಹೊರಗೆ ಹೋಗಲು ಹದಿನೈದು ನಿಮಿಷ, ಅದೂ ಎದುರಿಂದ ಯಾರೂ ಬರದಿದ್ದರೆ. ಅಲ್ಲಿಗೆ ಗೋಡೆ ಒಡೆಯುವುದೇ ಸರಿ ಅನ್ನಿಸಿತು. ವೇದಿಕೆಯ ಎದುರು ಬದಿಯಲ್ಲಿ 20 ಅಡಿ. ಮುಖ್ಯೋಪಾಧ್ಯಾಯರು ಮೊದಲು ಬೈದರು. "ಒಡೆದು ಮತ್ತೆ ಕಟ್ಟೋದು ಬೇಡ ಸರ್, ಎರಡು ಬಾಗಿಲಿನ ಕಬ್ಬಿಣದ ಗೇಟ್ ಹಾಕಿಸಿಕೊಡ್ತೀವಿ, ಶಾಲೆಗೇ ಇರಲಿ" ಅಂದಮೇಲೆ ಎಸ್‌ಡಿಎಂಸಿಯಲ್ಲಿ (ಶಾಲೆಯ ಉಸ್ತುವಾರಿ ಸಮಿತಿ) ಠರಾವು ಮಾಡಿಸಿದರು. ಗೇಟಿಗೆ ಹತ್ತತ್ತಿರ 38,000. ದುಡ್ಡು ಎಲ್ಲಿಂದ? ಎಲ್‌ಇಡಿ ಪರದೆ ಕೈಬಿಟ್ಟೆ. ಅದಕ್ಕೆ ಹುಡುಗರು ನನ್ನ ಜೊತೆ ಒಂದು ವಾರ ಮಾತು ಬಿಟ್ಟರು.

ಅರ್ಜಿ ವಿಷಯಕ್ಕೆ ಬರೋಣ. ಪೋಸ್ಟರಿನಲ್ಲಿ 10,000 ಜನ ಅಂತ ಹಾಕುವುದು ನಮ್ಮ ಸಂಘದ ಗತ್ತು. ಅದನ್ನು ನಿಲ್ಲಿಸಿದೆ. ಬಳಕೆಗೆ ಸಿಗುವ ಜಾಗ 18,000 ಚದರ ಅಡಿ, ತಲೆಗೆ ಆರು ಅಡಿ, ಹಾಗಾಗಿ 3,000 ಅಂತ ಬರೆದೆ. ಶಾಲೆಯ ಡ್ರಾಯಿಂಗ್ ಮೇಷ್ಟ್ರ ಕೈಲಿ ನಕ್ಷೆ ಬರೆಸಿದೆ: ವೇದಿಕೆ, ಒಳದಾರಿ, ಹೊರದಾರಿ, ಆಂಬುಲೆನ್ಸ್ ನಿಲ್ಲುವ ಜಾಗ, ಜನರೇಟರ್. ಅದರ ಆರು ಜೆರಾಕ್ಸ್. ಠಾಣೆ, ಪುರಸಭೆ, ಅಗ್ನಿಶಾಮಕ, ಕರೆಂಟಿನವರು, ಶಾಲೆ, ಒಂದು ನಮಗೆ. ಎಲ್ಲ ಕಡೆ ಠಸ್ಸೆ ಹೊಡೆಸಿಕೊಂಡೇ ಹೊರಗೆ ಬಂದೆ. ವೇದಿಕೆ ಗಟ್ಟಿ ಇದೆ ಅನ್ನೋ ಇಂಜಿನಿಯರ್ ಸರ್ಟಿಫಿಕೇಟಿಗೆ 2,500 ಹೋಯ್ತು. ಪಿಎಸ್‌ಐ ಸಾಹೇಬರು ನಕ್ಷೆಯನ್ನು ಎರಡು ಸಲ ತಿರುಗಿಸಿ ನೋಡಿ, "ಇದನ್ನ ಬೇರೆಯವರಿಗೂ ತೋರಿಸ್ತೀನಿ" ಅಂದರು. ಹೇಳಿಕೊಳ್ಳಬಾರದು, ಆದರೂ ಹೇಳಿದೆ. ಆ ಸಲ ಐದು ದಿನ ಮೊದಲೇ ಅನುಮತಿ ಕೈಗೆ ಬಂತು.

ರಾತ್ರಿ ಹತ್ತಕ್ಕೆ ಮೈಕ್ ನಿಲ್ಲಿಸಲೇಬೇಕು, ಅದು ಎಲ್ಲರಿಗೂ ಗೊತ್ತು. ಹಾಗಾಗಿ ಲಕ್ಕಿ ಡಿಪ್ ಎಂಟೂವರೆಗೇ ಮುಗಿಸಿದೆ. ಕುಣಿಸುವ ಹಾಡೆಲ್ಲ ಒಂಬತ್ತೂಕಾಲರೊಳಗೆ. ಆಮೇಲೆ ನಿಧಾನದ ಭಾವಗೀತೆ, ಎರಡು ಭಕ್ತಿಗೀತೆ. ಹಾಡುಗಾರರು ಮುಖ ಊದಿಸಿಕೊಂಡರು. ಆದರೆ ಮಕ್ಕಳನ್ನು ಎತ್ತಿಕೊಂಡವರು, ವಯಸ್ಸಾದವರು ಒಂಬತ್ತೂವರೆಯಿಂದಲೇ ಒಬ್ಬೊಬ್ಬರಾಗಿ ಎದ್ದು ಹೊರಟರು. ನನಗೆ ಬೇಕಾಗಿದ್ದೂ ಅದೇ. ಇನ್ನು ಗಣ್ಯರ ಭಾಷಣವನ್ನು ಇಪ್ಪತ್ತು ನಿಮಿಷದಲ್ಲಿ ಮುಗಿಸಿದ್ದು ಹೇಗೆ ಅಂತ ಬಹಳ ಜನ ಕೇಳಿದ್ದಾರೆ. ಅದನ್ನು ಮಾತ್ರ ಇಲ್ಲಿ ಬರೆಯಲ್ಲ. ಮುಂದಿನ ವರ್ಷವೂ ಅವರನ್ನೇ ಕರೆಯಬೇಕು.

ಪ್ರಸಾದ ಹೊಸ ಗೇಟಿನಿಂದ ಆಚೆ ನೂರು ಅಡಿ ದೂರ, ರಸ್ತೆಯ ಆ ಬದಿಗೆ ಹೋಯಿತು. ಹೊರಗೆ ಹೋದವರಿಗೇ ಚಿತ್ರಾನ್ನ. ನೀರು ವೇದಿಕೆಯ ಹಿಂದಕ್ಕೆ. ಕುರ್ಚಿಗೆ ಈ ಸಲ ಸುತಳಿ ಬದಲು ಪ್ಲಾಸ್ಟಿಕ್ ಟ್ಯಾಗ್, ನೂರರ ಪ್ಯಾಕೆಟ್ 150 ರೂಪಾಯಿ ಇರಬೇಕು. ಅದನ್ನೂ ಕತ್ತರಿಸಿದರು, ಆದರೆ ಕಡಿಮೆ.

ಸ್ವಯಂಸೇವಕರಿಗೆ ಸೀಟಿ ಕೊಟ್ಟಿದ್ದು ಇನ್ನೊಂದು ಪ್ರಯೋಗ. ಕೆಟ್ಟಿತು. ಆರ್ಕೆಸ್ಟ್ರಾದಲ್ಲಿ ಸೀಟಿ ಹೊಡೆದರೆ ಯಾರಿಗೆ ಗೊತ್ತಾಗುತ್ತೆ? ಮೊದಲ ಹಾಡಿಗೇ ಕಸಿದುಕೊಂಡು ಟಾರ್ಚಿಗೆ ಕೆಂಪು ಕಾಗದ ಸುತ್ತಿ ಕೊಟ್ಟೆ. ಹೆಂಗಸರ ಸಾಲಿಗೆ ನಮ್ಮ ಹುಡುಗರನ್ನು ಬಿಡದೆ ಸ್ತ್ರೀಶಕ್ತಿ ಸಂಘದ ಅಕ್ಕಂದಿರನ್ನು ನಿಲ್ಲಿಸಿದೆ. ಅವರು ಒಂದು ಸಲ "ಏ, ಹಿಂದೆ ಸರಿಯಮ್ಮ" ಅಂದರೆ ಸಾಕಿತ್ತು.

ಒಂಬತ್ತು ಗಂಟೆಗೆ ಕರೆಂಟ್ ಹೋಯಿತು. ಜನರೇಟರ್ ಹಿಡಿಯಲು ಅರ್ಧ ನಿಮಿಷ. ಆದರೆ ಎರಡು ಗೇಟಿನ ದೀಪ ಮತ್ತು ಒಂದು ಮೈಕ್ ಬೇರೆ ಬ್ಯಾಟರಿಯ ಮೇಲಿದ್ದವು. ದೀಪ ಕಾಣುತ್ತಿತ್ತು, ಮೈಕಿನಲ್ಲಿ ನಮ್ಮವನು ಮಾತಾಡುತ್ತಲೇ ಇದ್ದ. ಕೂತವರು ಕೂತೇ ಇದ್ದರು.

ಎಲ್ಲ ಸೇರಿ ಈ ಏರ್ಪಾಡಿಗೇ 65,000 ಆಸುಪಾಸು ಆಗಿದೆ, ಗೇಟೂ ಸೇರಿ. ಹತ್ತಕ್ಕೆ ಮೈಕ್ ಆಫ್ ಆದಮೇಲೆ ಒಂಬತ್ತು ನಿಮಿಷಕ್ಕೆ ಮೈದಾನ ಖಾಲಿ. ಚಪ್ಪಲಿ ಸಿಕ್ಕಿದ್ದು ಏಳು, ಅದರಲ್ಲಿ ಒಂದು ನನ್ನದೇ.

ಬ್ಯಾರಿಕೇಡ್ ಲಾರಿಗೆ ಹೇರುವಾಗ ಖಜಾಂಚಿಯವರು ಬಂದು ಕೇಳಿದರು, "ಈ ಸಲ ಜನ ಕಡಿಮೆ ಅಲ್ವೇನೋ? ನೂಕಾಟವೇ ಇರಲಿಲ್ಲ." ಎರಡು ಗೇಟಿನ ಕೈಯೆಣಿಕೆ ಕೌಂಟರ್ ತೆಗೆದು ತೋರಿಸಿದೆ. ತುಂಬಿದ ಹೊತ್ತಿನಲ್ಲಿ ಒಳಗೆ 2,800 ದಾಟಿತ್ತು. ಅವರು ಕೌಂಟರನ್ನೇ ಅಲ್ಲಾಡಿಸಿ ನೋಡಿದರು.