ಮುಖ್ಯ ನ್ಯಾಯಮೂರ್ತಿಯವರಿಗೆ ಮನವಿ ಬರೆಯುವುದು ಹೇಗೆ?

ದೀಪಾವಳಿ ಮುಗಿದ ವಾರ ಪಾಂಡವಪುರದ ಕಡೆಯ ಸಂಬಂಧಿಕರೊಬ್ಬರು ಮೈಸೂರಿನ ನಮ್ಮ ಮನೆಗೆ ಬಂದರು. ಕೈಯಲ್ಲಿ ಹದಿನಾಲ್ಕು ಪುಟಗಳ ಪತ್ರ. 'ಕರ್ನಾಟಕದ ಘನ ಮುಖ್ಯ ನ್ಯಾಯಾಧೀಶರ ಪಾದಾರವಿಂದಗಳಿಗೆ' ಎಂದು ಶುರುವಾಗಿ, ರಾಷ್ಟ್ರಪತಿ, ಪ್ರಧಾನಿ, ಮುಖ್ಯಮಂತ್ರಿ, ಎರಡು ಟಿ.ವಿ. ವಾಹಿನಿ ಮತ್ತು ಒಂದು ಮಠಕ್ಕೆ ಪ್ರತಿ ಕಳುಹಿಸಿದೆ ಎಂದು ಮುಗಿದಿತ್ತು. ವಿಷಯ ಇಷ್ಟೇ: ಅಣ್ಣತಮ್ಮಂದಿರ ಭಾಗದ ದಾವೆಯಲ್ಲಿ ಇವರಿಗೆ ತೋಟ ಬರಲಿಲ್ಲ, ಖುಷ್ಕಿ ಹೊಲ ಬಂತು. ಮುಖ್ಯ ನ್ಯಾಯಮೂರ್ತಿಗಳು ಆ ತೀರ್ಪನ್ನು ಕೂಡಲೇ ರದ್ದು ಮಾಡಬೇಕು. "ಮೇಲಿನವರಿಗೇ ಬರೆದಿದ್ದೇನೆ ಭಾವ, ಇನ್ನು ಅವರು ನೋಡಿಕೊಳ್ಳುತ್ತಾರೆ" ಎಂದು ನೆಮ್ಮದಿಯಿಂದ ಕಾಫಿ ಕುಡಿದರು. ತೀರ್ಪಾಗಿ ಎಷ್ಟು ದಿನವಾಯಿತು ಎಂದು ಕೇಳಿದೆ. ಇಪ್ಪತ್ತಾರು ದಿನ ಎಂದರು. ನನ್ನ ಕಾಫಿ ಗಂಟಲಲ್ಲೇ ನಿಂತಿತು. ಕಾರಣ ಮುಂದೆ ಬರುತ್ತದೆ.

ಮೈಸೂರು, ಮಂಡ್ಯ ಜಿಲ್ಲೆಗಳ ಕೋರ್ಟುಗಳಲ್ಲಿ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು ನಾನು. ಜನ ಬೆಂಗಳೂರಿಗೆ ಬರೆದ ಪತ್ರಗಳು ಸುತ್ತಿ ಸುತ್ತಿ ಕೊನೆಗೆ ನಮ್ಮಂಥವರ ಮೇಜಿಗೇ ವರದಿಗಾಗಿ ಬರುತ್ತಿದ್ದವು. ಹತ್ತರಲ್ಲಿ ಎಂಟು ಪತ್ರಗಳು ಕೇಳಬಾರದವರ ಬಳಿ ಕೇಳಬಾರದ್ದನ್ನು ಕೇಳಿರುತ್ತಿದ್ದವು. ಬರೆದವರ ಸಂಕಟ ಮಾತ್ರ ನಿಜವಾಗಿರುತ್ತಿತ್ತು.

ಮೊದಲ ಹೆಜ್ಜೆ: ಯಾರಿಗೆ ಎಂದು ಸರಿಯಾಗಿ ಬರೆಯಿರಿ

ತಾಲ್ಲೂಕು, ಜಿಲ್ಲಾ ಕೋರ್ಟುಗಳಲ್ಲಿ ಕೂರುವವರು ನ್ಯಾಯಾಧೀಶರು. ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿನಲ್ಲಿ ಕೂರುವವರು ನ್ಯಾಯಮೂರ್ತಿಗಳು. ನಮ್ಮ ಕಡೆಯ ಹಿರಿಯರ ಬಾಯಲ್ಲಿ 'ಚೀಫ್ ಜಡ್ಜ್' ಎಂಬ ಮಾತು ಉಳಿದಿದ್ದರೆ ಅದಕ್ಕೊಂದು ಚರಿತ್ರೆಯಿದೆ. ಮೈಸೂರು ಸಂಸ್ಥಾನದಲ್ಲಿ 1884ರಲ್ಲಿ ಶುರುವಾದದ್ದು ಚೀಫ್ ಕೋರ್ಟ್. ಅದರ ಮುಖ್ಯಸ್ಥರು ಚೀಫ್ ಜಡ್ಜ್. ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ಬಗ್ಗೆ 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯ ಲೆಸ್ಲಿ ಮಿಲ್ಲರ್ ಆ ಕುರ್ಚಿಯಲ್ಲಿದ್ದವರೇ. 1930ರಲ್ಲಿ ಅದು ಮೈಸೂರು ಹೈಕೋರ್ಟ್ ಆಯಿತು. ಆ ಹಳೆಯ ಹೆಸರು ಈಗ ಲಕೋಟೆಯ ಮೇಲೆ ಬೇಡ.

ದೆಹಲಿಯಲ್ಲಿರುವ ಭಾರತದ ಮುಖ್ಯ ನ್ಯಾಯಮೂರ್ತಿ ಬೇರೆ, ಬೆಂಗಳೂರಿನಲ್ಲಿರುವ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಬೇರೆ. ಪಾಂಡವಪುರ ತಾಲ್ಲೂಕಿನ ಎಂಗಲಕುಪ್ಪೆಯಲ್ಲಿ ಹುಟ್ಟಿದ ಇ.ಎಸ್. ವೆಂಕಟರಾಮಯ್ಯನವರು 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದರು. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದರೂ ಇಲ್ಲಿನ ಮುಖ್ಯ ನ್ಯಾಯಮೂರ್ತಿ ಆಗಿರಲೇ ಇಲ್ಲ. ಎರಡನ್ನೂ ಒಂದೇ ಲಕೋಟೆಯಲ್ಲಿ ಹಾಕಬೇಡಿ.

ವ್ಯಕ್ತಿಯ ಹೆಸರು ಬರೆಯಬೇಡಿ, ಹುದ್ದೆ ಬರೆಯಿರಿ. ಹೈಕೋರ್ಟ್ ನ್ಯಾಯಮೂರ್ತಿಗಳು 62ಕ್ಕೆ ನಿವೃತ್ತರಾಗುತ್ತಾರೆ. ಮುಖ್ಯ ನ್ಯಾಯಮೂರ್ತಿಯಾಗುವ ಹೊತ್ತಿಗೆ ಹಲವರಿಗೆ ಉಳಿದಿರುವುದೇ ಸ್ವಲ್ಪ ಅವಧಿ. ನಡುವೆ ವರ್ಗಾವಣೆಯೂ ಆಗಬಹುದು. ಹೋದವರ ಹೆಸರಿಗೆ ಬರೆದ ಪತ್ರವನ್ನು ನಾನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ.

ಎರಡನೆಯ ಹೆಜ್ಜೆ: ನಿಮ್ಮ ಸಂಕಟ ತೀರ್ಪಿನದ್ದೋ, ಆಡಳಿತದ್ದೋ?

ಎಲ್ಲರೂ ಎಡವುವುದು ಇಲ್ಲಿ. ಇದೊಂದನ್ನು ನಿಧಾನವಾಗಿ ಓದಿ. ಉಳಿದದ್ದನ್ನು ಬೇಕಾದರೆ ಬಿಟ್ಟುಬಿಡಿ.

ಮಂಡ್ಯದವರಿಗೆ ನೀರುಗಂಟಿ ಗೊತ್ತು. ಯಾವ ತೂಬು ಯಾವತ್ತು ಎತ್ತಬೇಕು, ಯಾವ ಬಯಲಿಗೆ ಯಾವ ಸರದಿ ಎಂಬುದು ಅವನ ಕೆಲಸ. ನಿಮ್ಮ ಗದ್ದೆಯಲ್ಲಿ ಭತ್ತ ಹಾಕಬೇಕೋ ಕಬ್ಬು ಹಾಕಬೇಕೋ ಎಂದು ಅವನು ಹೇಳುವುದಿಲ್ಲ. ಹುದ್ದೆಯ ಎತ್ತರವನ್ನು ಪಕ್ಕಕ್ಕಿಟ್ಟರೆ, ಮುಖ್ಯ ನ್ಯಾಯಮೂರ್ತಿಯವರ ವಿಶೇಷ ಅಧಿಕಾರವೂ ಇದೇ ಬಗೆಯದು. ಹೈಕೋರ್ಟಿನಲ್ಲಿ ಯಾವ ಪೀಠ ಯಾವ ಬಗೆಯ ಪ್ರಕರಣ ಕೇಳಬೇಕು, ಒಬ್ಬರೇ ಕೂರಬೇಕೋ ಇಬ್ಬರೋ, ದೊಡ್ಡ ಪ್ರಶ್ನೆಗೆ ಮೂವರು ಅಥವಾ ಹೆಚ್ಚು ಮಂದಿಯ ಪೂರ್ಣಪೀಠ ಬೇಕೋ ಎಂಬುದನ್ನು ನಿರ್ಧರಿಸುವವರು ಅವರು. ಕೋರ್ಟಿನ ಮಾತಿನಲ್ಲಿ ಇದಕ್ಕೆ 'ರೋಸ್ಟರ್' ಎನ್ನುತ್ತಾರೆ. ರೋಸ್ಟರಿನ ಒಡೆಯರು ಮುಖ್ಯ ನ್ಯಾಯಮೂರ್ತಿಯೇ ಎಂಬುದನ್ನು ಸುಪ್ರೀಂ ಕೋರ್ಟ್ ರಾಜಸ್ಥಾನದ ಪ್ರಕರಣವೊಂದರಲ್ಲಿ ಖಚಿತವಾಗಿ ಹೇಳಿದೆ.

ಆದರೆ ಪೀಠದಲ್ಲಿ ಕುಳಿತ ಮೇಲೆ ಅವರದೂ ಒಂದೇ ಮತ. ಇಬ್ಬರ ಪೀಠದಲ್ಲಿ ಪಕ್ಕದ ನ್ಯಾಯಮೂರ್ತಿ ಒಪ್ಪದಿದ್ದರೆ 'ನಾನು ಮುಖ್ಯಸ್ಥ' ಎಂದು ಗೆಲ್ಲುವಂತಿಲ್ಲ. ಪ್ರಕರಣ ಇನ್ನೊಬ್ಬರ ಮುಂದೆ ಹೋಗಬೇಕು. ತಾಲ್ಲೂಕು ಕೋರ್ಟಿನ ನ್ಯಾಯಾಧೀಶರನ್ನು ಫೋನಿನಲ್ಲಿ ಕರೆದು 'ಹೀಗೆ ತೀರ್ಪು ಕೊಡಿ' ಎನ್ನುವಂತೆಯೂ ಇಲ್ಲ. ಹಾಗೆ ಹೇಳಬಲ್ಲ ಮುಖ್ಯ ನ್ಯಾಯಮೂರ್ತಿ ಇದ್ದರೆ ನಿಮ್ಮ ಎದುರಾಳಿಯೂ ಅವರಿಗೆ ಹದಿನಾಲ್ಕು ಪುಟ ಬರೆಯುತ್ತಿದ್ದ.

ಈಗ ವಿಂಗಡಿಸಿ. ದಾವೆ ಸೋತಿರಾ? ಅದು ಮೇಲ್ಮನವಿಯ ವಿಷಯ, ಪತ್ರದ್ದಲ್ಲ. ನಮ್ಮ ಸಂಬಂಧಿಕರ ಇಪ್ಪತ್ತಾರು ದಿನಕ್ಕೆ ನಾನು ಬೆವತದ್ದು ಇದಕ್ಕೇ: ಅವರ ಮೇಲ್ಮನವಿ ಹೋಗಬೇಕಾದದ್ದು ಜಿಲ್ಲೆಯಲ್ಲೇ ಇರುವ ಮೇಲಿನ ನ್ಯಾಯಾಲಯಕ್ಕೆ, ಅದಕ್ಕೆ ಅವಧಿ 30 ದಿನ. ಸಿವಿಲ್ ಡಿಕ್ರಿಯ, ಅಂದರೆ ತೀರ್ಪಿನ ಮೇಲೆ ಹೊರಡಿಸುವ ಆಜ್ಞೆಯ ವಿರುದ್ಧ ಹೈಕೋರ್ಟಿಗೇ ಹೋಗಬೇಕಾದ ಮೇಲ್ಮನವಿಗೆ 90 ದಿನ. ದೃಢೀಕೃತ ನಕಲು ಪಡೆಯಲು ಹಿಡಿದ ದಿನಗಳನ್ನು ಲೆಕ್ಕದಿಂದ ಕಳೆಯುತ್ತಾರೆ. ಮುಖ್ಯ ನ್ಯಾಯಮೂರ್ತಿಯವರ ಉತ್ತರಕ್ಕೆ ಕಾದ ದಿನಗಳನ್ನು ಕಳೆಯುವುದಿಲ್ಲ. ಪತ್ರ ಹಾಕಿ ಮನೆಯಲ್ಲಿ ಕುಳಿತವರ ಅವಧಿ ಕಣ್ಣೆದುರೇ ಮುಗಿದುಹೋಗುತ್ತದೆ. ಆಮೇಲೆ ವಿಳಂಬ ಮನ್ನಾಕ್ಕೆ ಅರ್ಜಿ, ಅದಕ್ಕೊಂದು ತಕರಾರು, ಅದಕ್ಕೊಂದಷ್ಟು ವಾಯಿದೆ. ಅವರನ್ನು ಆವತ್ತೇ ಬಸ್ಸು ಹತ್ತಿಸಿ ವಕೀಲರ ಬಳಿಗೆ ಕಳುಹಿಸಿದೆ.

ನ್ಯಾಯಾಧೀಶರು ಎದುರು ಪಕ್ಷದ ಕಡೆ ವಾಲಿದ್ದಾರೆ ಎಂಬ ಭಯವೇ? ಪ್ರಕರಣವನ್ನು ಬೇರೆ ಕೋರ್ಟಿಗೆ ವರ್ಗಾಯಿಸಲು ದಾರಿ ಕಾನೂನಿನಲ್ಲೇ ಇದೆ. ಸಿವಿಲ್ ಆದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಕಲಂ. ಕ್ರಿಮಿನಲ್ ಪ್ರಕರಣವನ್ನು ಹೈಕೋರ್ಟ್ ವರ್ಗಾಯಿಸುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 447ನೇ ಕಲಮಿನಡಿ. ವಕೀಲರ ಮೂಲಕ ಅರ್ಜಿ ಹಾಕಿ. ಭಯವನ್ನು ಬೈಗುಳವಾಗಿ ಪತ್ರದಲ್ಲಿ ಸುರಿದರೆ 1971ರ ನ್ಯಾಯಾಂಗ ನಿಂದನೆ ಕಾಯ್ದೆ ಎದುರಾಗಬಹುದು. ಅದರಲ್ಲಿ ಆರು ತಿಂಗಳವರೆಗೆ ಸೆರೆವಾಸಕ್ಕೆ ಅವಕಾಶವಿದೆ.

ತಹಶೀಲ್ದಾರರು ಖಾತೆ ಮಾಡಿಕೊಡಲಿಲ್ಲ, ಪೊಲೀಸರು ದೂರು ತೆಗೆದುಕೊಳ್ಳಲಿಲ್ಲ ಎಂದಾದರೆ ಈ ವಿಳಾಸ ಮರೆತುಬಿಡಿ. ಅವರ ಕೆಲಸ ಅವರು ಮಾಡುವಂತೆ ಆದೇಶಿಸಿ ಎಂದು ಹೈಕೋರ್ಟಿನಲ್ಲಿ ರಿಟ್ ಹಾಕಬಹುದು. ಅದೂ ಅರ್ಜಿಯೇ ಹೊರತು ಪತ್ರವಲ್ಲ. ಊರಿಗೆಲ್ಲ ತಟ್ಟುವ ವಿಷಯದ ಪತ್ರವನ್ನು ಹೈಕೋರ್ಟ್ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಾಗಿ ಎತ್ತಿಕೊಳ್ಳುವುದುಂಟು. ನಿಮ್ಮ ಗದ್ದೆಯ ಬದುವಿನ ಜಗಳ ಎಷ್ಟೇ ದೊಡ್ಡದಾದರೂ ಸಾರ್ವಜನಿಕವಾಗುವುದಿಲ್ಲ.

ಹಾಗಾದರೆ ಬರೆಯಬಹುದಾದದ್ದು ಯಾವುದು? ಸಂವಿಧಾನದ 235ನೇ ವಿಧಿ ಕೆಳಗಿನ ಕೋರ್ಟುಗಳ ಮೇಲ್ವಿಚಾರಣೆಯನ್ನು ಹೈಕೋರ್ಟಿಗೆ ಕೊಟ್ಟಿದೆ. ಆ ಆಡಳಿತದ ತಲೆಯಲ್ಲಿರುವವರು ಮುಖ್ಯ ನ್ಯಾಯಮೂರ್ತಿ. ಪ್ರತಿ ಜಿಲ್ಲೆಗೆ ಅಲ್ಲಿನ ಕೋರ್ಟುಗಳ ಆಡಳಿತ ನೋಡಿಕೊಳ್ಳಲು ಒಬ್ಬ ಆಡಳಿತಾತ್ಮಕ ನ್ಯಾಯಮೂರ್ತಿಯನ್ನು ಗೊತ್ತುಮಾಡುವವರೂ ಅವರೇ. ನಿಮ್ಮ ತಾಲ್ಲೂಕಿನ ಕೋರ್ಟಿನಲ್ಲಿ ತಿಂಗಳುಗಟ್ಟಲೆ ನ್ಯಾಯಾಧೀಶರೇ ಇಲ್ಲ, ಬೆಂಚು ಖಾಲಿ, ಬರೆಯಿರಿ. ನಕಲು ಶಾಖೆಯಲ್ಲಿ ಅರ್ಜಿ ಹಾಕಿ ಮೂರು ತಿಂಗಳಾದರೂ ನಕಲು ಸಿಕ್ಕಿಲ್ಲ, ಬರೆಯಿರಿ. ಕಕ್ಷಿದಾರರಿಗೆ ಕುಳಿತುಕೊಳ್ಳಲು ನೆರಳಿಲ್ಲ, ಹೆಂಗಸರಿಗೆ ಶೌಚಾಲಯವಿಲ್ಲ; ಖಂಡಿತ ಬರೆಯಿರಿ, ಯಾರೂ ಬರೆಯದೆ ಇರುವುದು ಇದನ್ನೇ. ಸಿಬ್ಬಂದಿ ಕಾಸು ಕೇಳಿದರು. ಬರೆಯಿರಿ, ದಿನಾಂಕ ಸಮೇತ.

ಪ್ರಕರಣ ಹತ್ತು ವರ್ಷದಿಂದ ಎಳೆಯುತ್ತಿದೆ ಎಂಬುದು ನಡುವಿನ ಜಾತಿ. ಎಳೆಯುತ್ತಿರುವುದು ಕೋರ್ಟೋ ನೀವೋ ಎಂದು ಮೊದಲು ನೋಡಿಕೊಳ್ಳಿ. ಮೊಬೈಲಿನಲ್ಲಿ ಇ-ಕೋರ್ಟ್ಸ್ ಆ್ಯಪ್ ತೆರೆದು ಪ್ರತಿ ಪ್ರಕರಣಕ್ಕೂ ಪ್ರತ್ಯೇಕವಾಗಿ ಕೊಡುವ 16 ಅಕ್ಷರಗಳ ಸಿ.ಎನ್.ಆರ್. ಸಂಖ್ಯೆ ಹಾಕಿದರೆ ಪ್ರತಿ ವಾಯಿದೆಯ ವಿವರ ಬರುತ್ತದೆ. ಒಬ್ಬರಿಗೆ ಹೀಗೆ ತೆಗೆದು ತೋರಿಸಿದಾಗ ಸಮಯ ಕೇಳಿದ್ದವರು ಹೆಚ್ಚುಪಾಲು ಅವರದೇ ವಕೀಲರಾಗಿದ್ದರು. ಆ ಪತ್ರ ಅಲ್ಲಿಗೇ ನಿಂತಿತು.

ಮೂರನೆಯ ಹೆಜ್ಜೆ: ಮೊದಲು ಕೆಳಗೆ ಬಾಗಿಲು ತಟ್ಟಿ

ಪ್ರಧಾನ ಜಿಲ್ಲಾ ನ್ಯಾಯಾಧೀಶರಿಗೆ ಒಂದು ಪುಟದ ಮನವಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಟಪಾಲಿನ ಮೊಹರು ಹಾಕಿಸಿಕೊಳ್ಳಿ. ಅರ್ಧಕ್ಕರ್ಧ ಕೆಲಸ ಇಲ್ಲೇ ಆಗುತ್ತದೆ. ಆಗದಿದ್ದರೆ ಆ ಮೊಹರಿನ ಪ್ರತಿಯೇ ನಿಮ್ಮ ಮುಂದಿನ ಪತ್ರಕ್ಕೆ ಬಲ.

ವಕೀಲರಿಗೆ ಹಣವಿಲ್ಲ ಎಂಬುದಷ್ಟೇ ತೊಂದರೆಯಾದರೆ ಬೆಂಗಳೂರಿನ ದಾರಿಯೇ ಬೇಡ. ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಮುಖ್ಯ ಪೋಷಕರು ಇದೇ ಮುಖ್ಯ ನ್ಯಾಯಮೂರ್ತಿಯವರು. ಅದರ ಜಿಲ್ಲಾ ಕಚೇರಿ ಮೈಸೂರಿನಲ್ಲೂ ಇದೆ, ಮಂಡ್ಯದಲ್ಲೂ ಇದೆ. ಸಹಾಯವಾಣಿ 15100. ಹೆಂಗಸರಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೆಂದು ನೋಡದೆ ವಕೀಲರನ್ನು ಕೊಡುತ್ತಾರೆ.

ನಾಲ್ಕನೆಯ ಹೆಜ್ಜೆ: ಬರವಣಿಗೆ

ಒಂದು ಪುಟ. ಎರಡಾದರೆ ಕ್ಷಮೆಯಿದೆ, ಮೂರಾದರೆ ಇಲ್ಲ. ಕನ್ನಡದಲ್ಲೇ ಬರೆಯಿರಿ. ಬಾರದ ಇಂಗ್ಲಿಷಿನಲ್ಲಿ ಯಾರಿಂದಲೋ ಬರೆಸಿದ ಪತ್ರಗಳಲ್ಲಿ ವಾದಿ ಪ್ರತಿವಾದಿಗಳೇ ಅದಲುಬದಲಾಗಿದ್ದನ್ನು ಕಂಡಿದ್ದೇನೆ. ಆದರೆ ಒಂದು ನೆನಪಿರಲಿ: ಮುಖ್ಯ ನ್ಯಾಯಮೂರ್ತಿ ಸಾಮಾನ್ಯವಾಗಿ ಹೊರರಾಜ್ಯದ ಹೈಕೋರ್ಟಿನಿಂದ ಬಂದವರಾಗಿರುತ್ತಾರೆ. ನಿಮ್ಮ ಕನ್ನಡ ಅವರ ಮುಂದೆ ಅನುವಾದವಾಗಿಯೇ ಹೋಗಬೇಕು. 'ಬೇಲಿಯೇ ಎದ್ದು ಹೊಲ ಮೇಯ್ದಂತಾಗಿದೆ' ಎಂಬುದು ಅನುವಾದಕನಿಗೆ ತಲೆನೋವು. 'ಮಾರ್ಚ್ 4ರಂದು ನಕಲಿಗೆ ಅರ್ಜಿ ಹಾಕಿದೆ, ಇಂದಿನವರೆಗೆ ಸಿಕ್ಕಿಲ್ಲ' ಎಂಬುದು ಯಾವ ಭಾಷೆಯಲ್ಲೂ ಅಷ್ಟೇ ಗಟ್ಟಿ.

ಮೇಲೆ ನಿಮ್ಮ ಹೆಸರು, ವಿಳಾಸ, ಮೊಬೈಲ್ ಸಂಖ್ಯೆ. ಕೆಳಗೆ 'ಗೌರವಾನ್ವಿತ ಮುಖ್ಯ ನ್ಯಾಯಮೂರ್ತಿಯವರಿಗೆ, ರಿಜಿಸ್ಟ್ರಾರ್ ಜನರಲ್ ಅವರ ಮೂಲಕ'. ಪಾದಾರವಿಂದ ಬೇಡ. ವಿಷಯ ಒಂದೇ ಸಾಲು. ಪ್ರಕರಣವಿದ್ದರೆ ಕೋರ್ಟಿನ ಹೆಸರು, ಪ್ರಕರಣದ ಸಂಖ್ಯೆ, ವರ್ಷ. ನಂತರ ನಡೆದದ್ದನ್ನು ದಿನಾಂಕದ ಕ್ರಮದಲ್ಲಿ ಬರೆಯಿರಿ. ಕೊನೆಗೆ ಬೇಡಿಕೆ, ಒಂದೇ ವಾಕ್ಯದಲ್ಲಿ. ಅದೂ ಅವರು ಕೊಡಬಲ್ಲದ್ದು. 'ನ್ಯಾಯ ದೊರಕಿಸಿಕೊಡಬೇಕು' ಎಂದರೆ ಏನನ್ನೂ ಕೇಳದಂತೆ. 'ಖಾಲಿ ಇರುವ ಹುದ್ದೆಗೆ ನ್ಯಾಯಾಧೀಶರನ್ನು ನಿಯೋಜಿಸಬೇಕು' ಎಂದರೆ ಕಡತ ಮುಂದಕ್ಕೆ ಹೋಗಬಹುದು.

ಮುಖ್ಯಮಂತ್ರಿಗೆ ಪ್ರತಿ ಕಳುಹಿಸಿ ಹೆದರಿಸುವ ಯೋಚನೆ ಬಿಡಿ. ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯನ್ನು ನೇಮಿಸುವವರು ರಾಷ್ಟ್ರಪತಿ, ಪ್ರಮಾಣವಚನ ಬೋಧಿಸುವವರು ರಾಜ್ಯಪಾಲರು. ಪದಚ್ಯುತಿಯಾಗಬೇಕಾದರೆ ಸಂಸತ್ತಿನ ಎರಡೂ ಸದನಗಳು ಬೇಕು. ವಿಧಾನಸೌಧ ಎದುರಿಗೇ ಇದೆ, ಆದರೆ ನಡುವೆ ರಸ್ತೆಯಿದೆ.

ಅಡ್ಡದಾರಿಗಳ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಸಿದ್ಧ ನಮೂನೆಗಳನ್ನು ಮುಟ್ಟಬೇಡಿ. ಬೇರೆ ರಾಜ್ಯದ ಹೈಕೋರ್ಟಿನ ಹೆಸರು ಹಾಗೆಯೇ ಉಳಿದಿದ್ದ ಪತ್ರ ನನ್ನ ಕೈಗೇ ಬಂದಿತ್ತು. ರಾಜಲಾಂಛನವನ್ನು ಹೋಲುವ ಮುದ್ರೆ ಹಾಕಿ 'ಮಾನವ ಹಕ್ಕು' ಲೆಟರ್‌ಹೆಡ್‌ನಲ್ಲಿ ಬರೆದುಕೊಡುತ್ತೇನೆಂದು ಎರಡು ಸಾವಿರ ಕೇಳುವವರಿದ್ದಾರೆ. ಆ ಕಾಗದಕ್ಕೆ ಬಿಳಿ ಹಾಳೆಯಷ್ಟೂ ಬೆಲೆಯಿಲ್ಲ. 'ಧಾರವಾಡ ಪೀಠದಲ್ಲಿ ಹಾಕಿಸಿದರೆ ಬೇಗ ಆಗುತ್ತದೆ' ಎನ್ನುವ ದಲ್ಲಾಳಿಯನ್ನು ನಂಬಬೇಡಿ. ಧಾರವಾಡ, ಕಲಬುರಗಿ ಪೀಠಗಳು 2013ರಲ್ಲಿ ಕಾಯಂ ಆದದ್ದು ಆ ಭಾಗದ ಜಿಲ್ಲೆಗಳಿಗಾಗಿ. ಮೈಸೂರು, ಮಂಡ್ಯದವರಿಗೆ ಬೆಂಗಳೂರೇ. ಇನ್ನು ಜೆಲ್ ಪೆನ್ನು. ಅದರ ಶಾಯಿ ಒಂದು ಹನಿ ನೀರಿಗೆ ಹರಡಬಹುದು. ಬಾಲ್ ಪೆನ್ನಿನಲ್ಲಿ ಸಹಿ ಮಾಡಿ.

ಐದನೆಯ ಹೆಜ್ಜೆ: ನ್ಯಾಯಾಧೀಶರ ಮೇಲೆಯೇ ದೂರಾದರೆ

ಅಫಿಡವಿಟ್, ಅಂದರೆ ಪ್ರಮಾಣ ಮಾಡಿ ಸಹಿ ಹಾಕಿದ ಹೇಳಿಕೆ ಬೇಕು. ಹೆಸರಿಲ್ಲದ ಮೂಗರ್ಜಿಯನ್ನು ಪರಿಗಣಿಸಬಾರದು, ಪ್ರಮಾಣೀಕರಿಸಿದ ಅಫಿಡವಿಟ್ ಮತ್ತು ಪರಿಶೀಲಿಸಬಹುದಾದ ದಾಖಲೆ ಇರಬೇಕು ಎಂದು 2014ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯವರ ಕಡೆಯಿಂದ ಹೈಕೋರ್ಟುಗಳಿಗೆ ಸೂಚನೆ ಹೋಗಿದೆ. ಆಗ ಆ ಸ್ಥಾನದಲ್ಲಿದ್ದವರು ನಮ್ಮ ರಾಜ್ಯದವರೇ ಆದ ಎಚ್.ಎಲ್. ದತ್ತು. ಇಂಥ ದೂರುಗಳನ್ನು ನೋಡಲು ಹೈಕೋರ್ಟಿನಲ್ಲಿ ಜಾಗೃತ ವಿಭಾಗದ ರಿಜಿಸ್ಟ್ರಾರ್ ಇದ್ದಾರೆ. ತೀರ್ಪು ತಪ್ಪಾಗಿದೆ ಎಂಬುದು ದುರ್ನಡತೆಯಲ್ಲ. ತೀರ್ಪಿಗಾಗಿ ಹಣ ಕೇಳಿದರು ಎಂಬುದು ದುರ್ನಡತೆ. ಎರಡನೆಯದನ್ನು ಹೇಳುವುದಾದರೆ ಎಂದು, ಎಲ್ಲಿ, ಯಾರೆದುರು ಎಂಬುದನ್ನು ಹೇಳಿ. ಹೇಳಲಾಗದಿದ್ದರೆ ಸಹಿ ಮಾಡಬೇಡಿ. ಸುಳ್ಳು ಅಫಿಡವಿಟ್ ತಾನೇ ಒಂದು ಅಪರಾಧ.

ಆರನೆಯದು: ಕಳುಹಿಸುವುದು

ಹೈಕೋರ್ಟ್ ಕಟ್ಟಡ, ಡಾ. ಅಂಬೇಡ್ಕರ್ ವೀಧಿ, ಬೆಂಗಳೂರು 560001, ಸ್ಪೀಡ್ ಪೋಸ್ಟ್. ಕೋರ್ಟ್ ಫೀ ಸ್ಟ್ಯಾಂಪ್ ಅಂಟಿಸಬೇಡಿ, ಮೂಲ ದಾಖಲೆ ಇಡಬೇಡಿ, ಸ್ಪೈರಲ್ ಬೈಂಡಿಂಗ್ ಮಾಡಿಸಬೇಡಿ. ಅಂಚೆ ರಸೀದಿಯ ಅಕ್ಷರ ಬೇಗ ಮಾಸುತ್ತದೆ. ಆವತ್ತೇ ಜೆರಾಕ್ಸ್ ಮಾಡಿಸಿ.

ಕಾಯುವುದು

ಎರಡು ತಿಂಗಳು ಸುಮ್ಮನಿರಿ. ವಾರಕ್ಕೊಂದು ನೆನಪೋಲೆ ಹಾಕಿದರೆ ಕಡತ ದಪ್ಪವಾಗುತ್ತದೆ, ವೇಗವಾಗುವುದಿಲ್ಲ. ಆಮೇಲೂ ಉತ್ತರವಿಲ್ಲದಿದ್ದರೆ ಮಾಹಿತಿ ಹಕ್ಕಿನಡಿ 'ಇಂಥ ದಿನಾಂಕದ ನನ್ನ ಮನವಿಯ ಮೇಲೆ ಕೈಗೊಂಡ ಕ್ರಮದ ಪ್ರತಿ ಕೊಡಿ' ಎಂದು ಕೇಳಿ. ಅದಕ್ಕೆ 30 ದಿನಗಳ ಗಡುವಿದೆ. 'ಏಕೆ ಕ್ರಮ ಕೈಗೊಂಡಿಲ್ಲ' ಎಂದು ಕೇಳಬೇಡಿ. ಕೇಳಬಹುದಾದದ್ದು ಕಡತದಲ್ಲಿರುವ ಕಾಗದವನ್ನು, ಕಾರಣವನ್ನಲ್ಲ.

ಉತ್ತರ ಬಂದರೆ ಬಹುಮಟ್ಟಿಗೆ ಎರಡೇ ಸಾಲು: ಮನವಿಯನ್ನು ಸೂಕ್ತ ಕ್ರಮಕ್ಕಾಗಿ ಪ್ರಧಾನ ಜಿಲ್ಲಾ ನ್ಯಾಯಾಧೀಶರಿಗೆ ಕಳುಹಿಸಲಾಗಿದೆ. ಇದನ್ನು ಓದಿ ಹರಿದೆಸೆದವರನ್ನು ಬಲ್ಲೆ. ಹರಿಯಬೇಡಿ. ಬೆಂಗಳೂರಿನಿಂದ ಸಂಖ್ಯೆ ಹೊತ್ತು ಇಳಿದ ಕಾಗದಕ್ಕೆ ಕೆಳಗಿನ ಕಚೇರಿ ವರದಿ ಕೊಡಲೇಬೇಕು. ನನ್ನ ಮೇಜಿನ ಮೇಲೆ ನನಗೆ ನಿದ್ದೆಗೆಡಿಸುತ್ತಿದ್ದದ್ದು ಅಂಥ ಎರಡು ಸಾಲುಗಳೇ. ಅದರ ಜೆರಾಕ್ಸ್ ಹಿಡಿದು ಜಿಲ್ಲಾ ನ್ಯಾಯಾಲಯದ ಆಡಳಿತ ಶಾಖೆಗೆ ಹೋಗಿ, ಪತ್ರದ ಸಂಖ್ಯೆ ಹೇಳಿ, ಕಡತ ಯಾರ ಬಳಿಯಿದೆ ಎಂದು ಕೇಳಿ. ಸೋಮವಾರ ಬೇಡ. ಮಂಗಳವಾರ, ಮಧ್ಯಾಹ್ನದ ಊಟ ಮುಗಿದ ಮೇಲೆ.